ತೇಪೆ ಹಾಕಿದ ಫಿಲ್ಲಿಂಗ್ ಮತ್ತೆ ಕಳಚಿದ್ದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. 7 ವರ್ಷದ ಹಿಂದೆ ಮುಂಭಾಗದ ಹಲ್ಲಿಗೆ ಕಾಂಪೊಸಿಟ್ ಫಿಲ್ಲಿಂಗ್ ಮಾಡಿಸಿದ್ದೆ, ಹಲ್ಲಿನದೇ ಬಣ್ಣದ್ದು. ಈಚೆಗೆ ಅದರ ಮೂಲೆ ಮುರಿಯಿತು. ವೈದ್ಯರು ಹಳೆಯದನ್ನು ಹಾಗೆಯೇ ಬಿಟ್ಟು, ಮುರಿದಷ್ಟು ಜಾಗಕ್ಕೆ ಹೊಸದನ್ನು ಸೇರಿಸಿದರು. ಮೂರೇ ತಿಂಗಳಿಗೆ ಅದು ಕಳಚಿ ಕೈಗೆ ಬಂತು. ಹಳೆಯದರ ಮೇಲೆ ಹೊಸದು ಕೂರುವುದೇ ಇಲ್ಲವೇ? ಎಲ್ಲವನ್ನೂ ಕೊರೆದು ತೆಗೆಸಬೇಕೇ?

ದಂತವೈದ್ಯೆ: ಕೂರುತ್ತದೆ, ಹಳೆಯದರ ಮೈಯನ್ನು ಮೊದಲು ಹದ ಮಾಡಿಕೊಂಡರೆ. ಫಿಲ್ಲಿಂಗ್ ಹಾಕುವ ದಿನ ನಾವು ಪದರದ ಮೇಲೆ ಪದರ ಇಡುತ್ತೇವೆ. ಗಾಳಿಯ ಆಮ್ಲಜನಕ ತಾಗಿ ಪ್ರತಿ ಪದರದ ಮೇಲ್ಮೈ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಮುಂದಿನ ಪದರ ಅದರೊಡನೆ ಬೆರೆತು ಒಂದಾಗುತ್ತದೆ. ಪಾಲಿಶ್ ಮಾಡಿದಾಗ ಆ ಅಂಟು ಹೋಯಿತು. ವರ್ಷಗಟ್ಟಲೆ ಬಾಯಿಯ ನೀರು ಹೀರಿದ ಕಾಂಪೊಸಿಟ್‌ಗೆ ಹೊಸದನ್ನು ರಾಸಾಯನಿಕವಾಗಿ ಹಿಡಿದುಕೊಳ್ಳುವ ಶಕ್ತಿ ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ವಜ್ರದ ಕಣ ಲೇಪಿಸಿದ ಕೊರೆಮೊನೆಯಾದ ಬರ್‌ನಿಂದ ಕೆರೆದೋ, 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದೋ ಒರಟು ಮಾಡಬೇಕು. ಆಮೇಲೆ ಸೈಲೇನ್ (ಹಳೆಯದನ್ನೂ ಹೊಸದನ್ನೂ ಬೆಸೆಯುವ ದ್ರವ), ಅದರ ಮೇಲೆ ತೆಳುವಾಗಿ ಬಾಂಡಿಂಗ್ ದ್ರವ, ಕೊನೆಗೆ ಹೊಸ ಕಾಂಪೊಸಿಟ್.

ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ಸಾಕೆಂದು ನಮ್ಮಲ್ಲೇ ಕೆಲವರು ತಿಳಿದಿದ್ದಾರೆ. ಶೇಕಡಾ 37ರ ಆ ಆಮ್ಲ ಹಲ್ಲಿನ ಹೊರಕವಚವಾದ ಎನಾಮಲ್‌ನಲ್ಲಿ ಸೂಕ್ಷ್ಮ ಗುಳಿಗಳನ್ನು ಮೂಡಿಸುತ್ತದೆ ನಿಜ. ಹಳೆಯ ಕಾಂಪೊಸಿಟ್ಟನ್ನು ಬರೀ ಶುಚಿ ಮಾಡುತ್ತದೆ.

ಕಳಚಿದ ತುಂಡು ಇದೆಯೇ? ತಳ ಹೇಗಿದೆ ನೋಡಿ ಹೇಳಿ.

ಪ್ರಶ್ನೆ: ಕಾಗದದಲ್ಲಿ ಸುತ್ತಿಟ್ಟಿದ್ದೇನೆ ಮೇಡಂ. ಅಂಗಿಯ ಗುಂಡಿಯಷ್ಟು ನುಣುಪಾಗಿದೆ, ಉಗುರು ಜಾರುತ್ತದೆ.

ದಂತವೈದ್ಯೆ: ಆ ತಳವೆಂದರೆ ಹಳೆಯ ಮೈಯ ಅಚ್ಚು. ಇದು ನುಣುಪಾಗಿದ್ದರೆ ಅದೂ ನುಣುಪಾಗಿಯೇ ಇತ್ತು. ಕಚ್ಚಿದ ಭಾರಕ್ಕೆ ಹೊಸದೇ ಮುರಿದಿದ್ದರೆ ತಳ ತರಿತರಿಯಾಗಿರುತ್ತಿತ್ತು, ಚೂರು ಪಾರು ಹಲ್ಲಿನ ಮೇಲೂ ಉಳಿದಿರುತ್ತಿತ್ತು. ನಡುವೆ ಜೊಲ್ಲು ತಾಗಿದ್ದರೂ ಹಿಡಿತ ಕೆಡುತ್ತದೆ. ನಾನು ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುವುದು ಅದಕ್ಕೇ. ರೋಗಿಗೆ ಕಿರಿಕಿರಿ, ನನಗೆ ನೆಮ್ಮದಿ. ಅಂಚಿನಲ್ಲಿ ಹುಳುಕಿಲ್ಲದಿದ್ದರೆ ಎಲ್ಲವನ್ನೂ ತೆಗೆಸಬೇಡಿ. ಪೂರ್ತಿ ಕೊರೆಯುವಾಗ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ.

ಇನ್ನೊಬ್ಬ ಸದಸ್ಯರು: ನನ್ನ ಕ್ಯಾಪ್‌ನ ಅಂಚು ಚಕ್ಕೆ ಎದ್ದಿದೆ. ಅದಕ್ಕೂ ಇದೇ ವಿಧಾನವೇ ಮೇಡಂ?

ದಂತವೈದ್ಯೆ: ಕ್ಯಾಪ್ ಯಾವುದರದ್ದು ಎಂಬುದರ ಮೇಲಿದೆ. ಪಿಂಗಾಣಿಯಾದರೆ ಹೈಡ್ರೋಫ್ಲೋರಿಕ್ ಆಮ್ಲ ಅದರ ಗಾಜಿನಂಶವನ್ನು ಕರಗಿಸಿ ಹಿಡಿತದ ಜಾಗ ಮಾಡುತ್ತದೆ, ಬಳಿಕ ಸೈಲೇನ್. ಆ ಆಮ್ಲ ಒಸಡನ್ನು ಸುಡುವಂಥದ್ದು, ಹಾಗಾಗಿ ಬಾಯಲ್ಲಿ ಬಳಸುವಾಗ ರಬ್ಬರ್ ಹಾಳೆ ಇರಲೇಬೇಕು. ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್ಕಿನಲ್ಲಿ ಗಾಜೇ ಇಲ್ಲ, ಆಮ್ಲದ ಆಟ ಅಲ್ಲಿ ನಡೆಯದು. ಅಲ್ಯುಮಿನಾ ಹೊಡೆದು ಎಂಡಿಪಿ (ಜಿರ್ಕೋನಿಯಾವನ್ನು ರಾಸಾಯನಿಕವಾಗಿ ಹಿಡಿಯುವ ಅಂಶ) ಇರುವ ಪ್ರೈಮರ್ ದ್ರವ ಹಚ್ಚಬೇಕು. ಹಳೆಯ ಚೀಟಿಯಲ್ಲಿ ಏನು ಬರೆದಿದೆ ನೋಡಿ ತಿಳಿಸಿ, ಮುಂದಿನದು ಆಮೇಲೆ.