ಸಹಾಯ ಬೇಕು: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ನೋಟಿಫೈ ಮೆಸೇಜ್ ಮಧ್ಯದಲ್ಲಿ ಕಳ್ದೋಗ್ತಿದೆ

ಎಲ್ರಿಗೂ ನಮಸ್ಕಾರ, ಕೋಲಾರ ಎಪಿಎಂಸಿಲಿ ಒಂದು ಟೊಮ್ಯಾಟೊ ಮಂಡಿಗೆ ಸಾಫ್ಟ್‌ವೇರ್ ಮಾಡ್ತಿದೀನಿ. ಹರಾಜಲ್ಲಿ 15 ಕೆಜಿ ಬಾಕ್ಸ್ ರೇಟ್ ಎಂಟ್ರಿ ಆಗಿ ಕಮಿಟ್ ಆದ (ಅಂದ್ರೆ ಪಕ್ಕಾ ಸೇವ್ ಆದ) ತಕ್ಷಣ ಟ್ರಿಗರ್ (ಎಂಟ್ರಿ ಆದಾಗ ತಾನಾಗೇ ಓಡೋ ಕೋಡ್) ಕಡೆಯಿಂದ ನೋಟಿಫೈ, ಅಂದ್ರೆ ಡೇಟಾಬೇಸ್ ಕಳ್ಸೋ ಸೂಚನೆ, ಹೋಗುತ್ತೆ, ಕ್ಯಾಶ್ ಕೌಂಟರ್ ಕಂಪ್ಯೂಟರು ಲಿಸನ್ ಮಾಡ್ಕೊಂಡು (ಆ ಸೂಚನೆಗೆ ಕಾಯ್ಕೊಂಡು) ಸ್ಕ್ರೀನ್ ಬದಲಾಯಿಸ್ಬೇಕು, ಗಳಿಗೆಗೊಂದ್ಸಲ ಸುಮ್ನೆ ಕ್ವೆರಿ ಹೊಡೆಯೋದು ನಂಗಿಷ್ಟ ಇಲ್ಲ. ಮೆಸೇಜು 8000 ಬೈಟ್ ಒಳಗಿರ್ಬೇಕಲ್ಲ, ಅದಕ್ಕೆ ಬರೀ ಐಡಿ ಕಳಿಸ್ತೀನಿ.

ಪ್ರಾಬ್ಲಂ ಏನಂದ್ರೆ ಕೌಂಟರಲ್ಲಿ ನೆಟ್ ಹೋಗಿ ಬಂದ್ರೆ ಆ ಗ್ಯಾಪಲ್ಲಿ ಬಂದಿದ್ದೆಲ್ಲ ಮಾಯ, ಪೋಸ್ಟ್‌ಗ್ರೆಸ್ ಅದನ್ನ ಎತ್ತಿಟ್ಕೊಳಲ್ಲ, ರೈತರು ಚೀಟಿಗೆ ಕಾಯ್ತಿರ್ತಾರೆ ಸ್ಕ್ರೀನಲ್ಲಿ ನೋಡಿದ್ರೆ ಹಳೇ ರೇಟು! ಮತ್ತೆ ಕನೆಕ್ಟ್ ಆದಾಗ ಮೊದ್ಲು ಲಿಸನ್ ಹಾಕಿ ಆಮೇಲೆ ಬಿಟ್ಟೋಗಿರೋ ಸಾಲು ಓದಿದ್ರೆ ಸಾಕಾ, ಇಲ್ಲ ಬೇರೆ ಔಟ್‌ಬಾಕ್ಸ್ ಟೇಬಲ್ಲೇ (ಕಳಿಸ್ಬೇಕಾದ ಮೆಸೇಜ್ ಬರೆದಿಡೋ ಟೇಬಲ್) ಇಡ್ಬೇಕಾ? ಪಿಜಿಬೌನ್ಸರ್ (ಡೇಟಾಬೇಸ್ ಕನೆಕ್ಷನ್ ಹಂಚ್ಕೊಡೋ ಟೂಲ್) ಟ್ರಾನ್ಸಾಕ್ಷನ್ ಮೋಡಲ್ಲಿ ಲಿಸನ್ ನಡೆಯಲ್ಲ ಅಂತ ಡೈರೆಕ್ಟ್ ಕನೆಕ್ಷನ್ನೇ ಕೊಟ್ಟಿದೀನಿ. ಮಾಡಿರೋರು ಯಾರಾದ್ರೂ ಇದ್ರೆ ಹೇಳಿ ಗುರು, ಟೊಮ್ಯಾಟೊ ಸೀಸನ್ ಬೇರೆ ಜೋರಾಗಿದೆ.