ಒಂದೂಕಾಲು ಲಕ್ಷದ ಸೆಕೆಂಡ್ ಹ್ಯಾಂಡ್ ಡ್ಯಾಕ್: ತಗೊಳ್ಳೋದಾ, ಬೇಡ್ವಾ?

ಜಯನಗರ ನಾಲ್ಕನೇ ಬ್ಲಾಕ್:
ವೈಟ್‌ಫೀಲ್ಡಿನಲ್ಲಿ ಒಬ್ಬರು ತಮ್ಮ ಡೆಸ್ಕ್‌ಟಾಪ್ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಹೋಗುವ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಮಾರುತ್ತಿದ್ದಾರೆ. ಹೊಸದು ಎರಡು ಲಕ್ಷದ ಮೇಲಿದೆ, ಇವರು 1,25,000 ಹೇಳುತ್ತಿದ್ದಾರೆ. ವಾರಂಟಿ ಮುಗಿದಿದೆ. ಡಿಎಸ್‌ಡಿ, ಎಂಕ್ಯೂಎ ಅನ್ನುವ ಆಡಿಯೋ ಫಾರ್ಮ್ಯಾಟ್‌ಗಳು, 768 ಕಿಲೋಹರ್ಟ್ಸ್ ಸ್ಯಾಂಪಲಿಂಗ್ ಎಲ್ಲಾ ಇದೆ.

ನನ್ನ ಹತ್ತಿರ ಇರುವುದು ಹತ್ತು ಸಾವಿರದ ಡ್ಯಾಕ್ ಮತ್ತು ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್. ಜಾಸ್ತಿ ಕೇಳುವುದು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಮನ್ಸೂರರ ಹಳೆಯ ರೆಕಾರ್ಡಿಂಗ್‌ಗಳು. ಭಾನುವಾರ ನನ್ನ ಡ್ಯಾಕನ್ನೂ ಅವರ ಮನೆಗೆ ಒಯ್ದಿದ್ದೆ. ಅವರ ಆಂಪ್ಲಿಫೈಯರ್‌ಗೆ (ಆಂಪ್) ನನ್ನದನ್ನು ಆರ್‌ಸಿಎ ಅನ್ನುವ ಮಾಮೂಲಿ ಕೇಬಲ್‌ನಲ್ಲಿ, ಅವರದನ್ನು ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಕೇಬಲ್‌ನಲ್ಲಿ ಜೋಡಿಸಿದರು. ಅವರದರಲ್ಲಿ ವೀಣೆಯ ಮೀಟು, ತಂಬೂರಿ ಎಲ್ಲಾ ಬಿಡಿಬಿಡಿಯಾಗಿ ಕೇಳಿಸಿತು. ನನ್ನದು ಸಪ್ಪೆ ಅನ್ನಿಸಿತು. ಮನೆಯಲ್ಲಿ ಆ ದುಡ್ಡಿಗೆ ಸೋಲಾರ್ ಹೀಟರ್ ಹಾಕಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಮಲ್ಲೇಶ್ವರಂ ಫೇಡರ್:
ಸಾರ್, ದುಡ್ಡು ಕೊಡುವ ಮುಂಚೆ ಒಂದು ವಿಷಯ ಗಮನಿಸಿ. ನೀವೇ ಬರೆದಿದ್ದೀರಿ: ನಿಮ್ಮದು ಆರ್‌ಸಿಎ, ಅವರದು ಎಕ್ಸ್‌ಎಲ್‌ಆರ್. ಆರ್‌ಸಿಎಯಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಬರುತ್ತದೆ, ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್. ಆಂಪ್ ಅದನ್ನು ಸರಿದೂಗಿಸದಿದ್ದರೆ 6 ಡೆಸಿಬೆಲ್ ವ್ಯತ್ಯಾಸ. ನೀವು ಕೇಳಿದ್ದು ಒಳ್ಳೆಯ ಡ್ಯಾಕ್ ಅಲ್ಲದೇ ಇರಬಹುದು, ಬರೀ ಜಾಸ್ತಿ ವಾಲ್ಯೂಮ್ ಇರಬಹುದು.

ನಾನು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಒಂದೇ ಮಿಕ್ಸನ್ನು ಅರ್ಧ ಡೆಸಿಬೆಲ್ ಏರಿಸಿ ಕೇಳಿಸಿ, ಯಾರೂ ಸೌಂಡ್ ಜಾಸ್ತಿ ಆಯ್ತು ಅನ್ನುವುದಿಲ್ಲ. ‘ಈಗ ಕ್ಲಿಯರ್ ಆಯ್ತು’ ಅನ್ನುತ್ತಾರೆ. ಗಾಯಕರೂ ಅನ್ನುತ್ತಾರೆ, ನಿರ್ಮಾಪಕರೂ ಅನ್ನುತ್ತಾರೆ. ಮಾರುವವರು ಬೇಕಂತಲೇ ಹಾಗೆ ಜೋಡಿಸಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಭಾನುವಾರದ ಆ ಹೋಲಿಕೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ.

ಇನ್ನೊಂದು ಸಲ ಹೋಗಿ. ಎರಡನ್ನೂ ಆರ್‌ಸಿಎಯಲ್ಲೇ ಹಾಕಿಸಿ. ಎರಡರ ಸದ್ದಿನ ಮಟ್ಟವನ್ನು 0.1 ಡೆಸಿಬೆಲ್ ಒಳಗೆ ಸಮ ಮಾಡಿ. ಯಾರಾದರೂ ನಿಮಗೆ ಕಾಣದ ಹಾಗೆ ಅದಲು ಬದಲು ಮಾಡಲಿ, ನೀವು ಯಾವುದು ಅಂತ ಹೇಳಿ. 16 ಸಲಕ್ಕೆ 12 ಅಥವಾ ಜಾಸ್ತಿ ಸರಿ ಬಂದರೆ ನಿಜವಾಗಿಯೂ ಏನೋ ಕೇಳಿಸುತ್ತಿದೆ ಅನ್ನಬಹುದು. ಸುಮ್ನೆ ಊಹಿಸಿದರೆ ಅಷ್ಟು ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ಈಗ ನೀವು ಕೇಳುವ ಸಂಗೀತಕ್ಕೆ ಬರೋಣ. ಅವೆಲ್ಲ ಬಹುಪಾಲು ಟೇಪಿನ ಕಾಲದವು. ಆ ಟೇಪಿನಲ್ಲಿ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿಗೂ ನಡುವೆ ಸಿಗುತ್ತಿದ್ದದ್ದು ಸುಮಾರು 60ರಿಂದ 70 ಡೆಸಿಬೆಲ್. ಸಿಡಿಯ 16 ಬಿಟ್‌ನಲ್ಲಿ 96ರ ಆಸುಪಾಸು ಸಿಗುತ್ತದೆ. ನಿಮ್ಮ ಹತ್ತು ಸಾವಿರದ ಡ್ಯಾಕ್ ಸರಿಯಾದದ್ದಾಗಿದ್ದರೆ 110 ದಾಟಿರುತ್ತದೆ. ಮನ್ಸೂರರ ಹಿಂದೆ ಕೇಳುವ ಆ ‘ಸ್ಸ್’ ಅನ್ನುವ ಸದ್ದು ಟೇಪಿನದು. ಎರಡು ಲಕ್ಷ ಕೊಟ್ಟರೂ ಅದು ಹೋಗುವುದಿಲ್ಲ.

768 ಕಿಲೋಹರ್ಟ್ಸ್ ಮರೆತುಬಿಡಿ. ಎಳೆಯ ಕಿವಿಗೇ 20 ಕಿಲೋಹರ್ಟ್ಸ್ ಮೇಲೆ ಕೇಳುವುದಿಲ್ಲ. ಸ್ಯಾಂಪಲಿಂಗ್ ಎಷ್ಟಿದೆಯೋ ಅದರ ಅರ್ಧದವರೆಗಿನ ಸದ್ದು ಹಿಡಿಯಬಹುದು, ಹಾಗಾಗಿ ಸಿಡಿಯ 44.1 ಕಿಲೋಹರ್ಟ್ಸ್‌ಗೇ ಅಷ್ಟನ್ನು ಹಿಡಿಯುವ ತಾಕತ್ತಿದೆ. ಎಂಕ್ಯೂಎಗಂತೂ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಆ ಕಂಪನಿ 2023ರಲ್ಲಿ ದಿವಾಳಿ ಅಂಚಿಗೆ ಬಂದು ಇನ್ನೊಬ್ಬರ ಕೈಗೆ ಹೋಯಿತು. 2024ರಲ್ಲಿ ಟೈಡಲ್ ಅನ್ನುವ ಸ್ಟ್ರೀಮಿಂಗ್ ಸೇವೆ ಕೂಡ ಎಂಕ್ಯೂಎಯನ್ನು ಕೈಬಿಟ್ಟಿತು.

ಹಾಗಾದರೆ ಎರಡು ಲಕ್ಷ ಯಾತಕ್ಕೆ? ಅಲ್ಯೂಮಿನಿಯಂ ಕಡೆದ ಡಬ್ಬ, ಪವರ್ ಸಪ್ಲೈ, ಕಡಿಮೆ ಸಂಖ್ಯೆಯಲ್ಲಿ ಮಾಡುವ ಖರ್ಚು, ಆಮದು ಸುಂಕ, ಡೀಲರ್ ಪಾಲು. ಕಾರ್ಡ್ (Chord) ಕಂಪನಿಯಂಥವರು ರೆಡಿಮೇಡ್ ಡ್ಯಾಕ್ ಚಿಪ್ ಬಿಟ್ಟು ಎಫ್‌ಪಿಜಿಎಯಲ್ಲಿ (ಬೇಕಾದಂತೆ ಪ್ರೋಗ್ರಾಂ ಮಾಡಿಕೊಳ್ಳುವ ಚಿಪ್) ತಮ್ಮದೇ ವಿನ್ಯಾಸ ಮಾಡುತ್ತಾರೆ, ಆ ಕೆಲಸಕ್ಕೂ ಬೆಲೆ ಇದೆ. ಆದರೆ ಬಹಳ ಡ್ಯಾಕ್‌ಗಳಲ್ಲಿ ಚಿಪ್ಪಿನ ಬೆಲೆ ಒಟ್ಟು ಬೆಲೆಯ ಸಣ್ಣ ಪಾಲು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಎಕೆಎಂ ಅನ್ನುವ ಡ್ಯಾಕ್ ಚಿಪ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತಲ್ಲ, ಆಮೇಲೆ ಆರ್‌ಎಂಇ ಕಂಪನಿ ತನ್ನ ಎಡಿಐ-2 ಡ್ಯಾಕ್‌ಗೆ ಎಕೆಎಂ ಬದಲು ಇಎಸ್‌ಎಸ್ ಕಂಪನಿಯ ಚಿಪ್ ಹಾಕಿತು. ಹೆಸರು ಅದೇ, ಒಳಗಿನ ಚಿಪ್ ಬೇರೆ! ‘ಎಕೆಎಂ ಅಂದರೆ ರೇಷ್ಮೆಯಂಥ ಸದ್ದು’ ಅನ್ನುವವರು ಇದಕ್ಕೆ ಏನನ್ನುತ್ತಾರೋ.

ಆರ್‌ಟಿ ನಗರ ರವಿ:
ಫೇಡರ್ ಸಾರ್, ಲೆಕ್ಕ ಸರಿ. ಆದರೆ ದಿನಾ ರಾತ್ರಿ ಕೈ ಇಡುವ ವಸ್ತು ಅದು. ಭಾರವಾದ ನಾಬ್, ರಿಮೋಟ್, ಒಳಗೇ ಈಕ್ವಲೈಸರ್, ಬೇಕಾದಷ್ಟು ಇನ್‌ಪುಟ್, ಇದಕ್ಕೆಲ್ಲ ಬೆಲೆ ಇಲ್ವಾ? ನನ್ನದರಲ್ಲಿ ಈಕ್ವಲೈಸರ್ ಇದೆ. ಅದನ್ನು ತಿರುಗಿಸಿದರೆ ಕಣ್ಣು ಮುಚ್ಚಿ ಕೂತರೂ ವ್ಯತ್ಯಾಸ ಗೊತ್ತಾಗುತ್ತದೆ. ವಾಚು ಕೊಳ್ಳುವವರನ್ನು ಯಾರೂ ‘ಮೊಬೈಲ್‌ನಲ್ಲೂ ಟೈಮ್ ಬರುತ್ತಲ್ಲ’ ಅಂತ ಕೇಳುವುದಿಲ್ಲ.

ಮಲ್ಲೇಶ್ವರಂ ಫೇಡರ್:
ರವಿಯವರೇ, ಒಪ್ಪಿದೆ. ನಾಬ್ ಇಷ್ಟ ಅಂತ ತಗೊಳ್ಳಲಿ, ನನ್ನ ತಕರಾರಿಲ್ಲ. ತಂಬೂರಿ ಬಿಡಿಸಿ ಕೇಳುತ್ತದೆ ಅಂತ ತಗೊಳ್ಳಬಾರದು, ಅಷ್ಟೇ.

ವಿಜಯನಗರ ಸೋಲ್ಡರಿಂಗ್:
ನಾನು ರಿಪೇರಿ ಕಡೆಯಿಂದ ಹೇಳುತ್ತೇನೆ. ಹೋದಾಗ ಏನೂ ಪ್ಲೇ ಮಾಡದೆ ವಾಲ್ಯೂಮ್ ಮೆಲ್ಲಗೆ ಏರಿಸಿ. ಗುಂಯ್ ಅಂತ ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಕೇಳಿ. ನಿಂತುಹೋದರೆ ದೋಷ ಡ್ಯಾಕ್‌ನದಲ್ಲ, ಗ್ರೌಂಡ್ ಲೂಪ್, ಅಂದರೆ ಅರ್ತ್ ತಂತಿ, ಕೇಬಲ್ ಮೂಲಕ ಕರೆಂಟ್ ಸುತ್ತುತ್ತಿರುವುದು. ಆಪ್ಟಿಕಲ್ ಕೇಬಲ್ ಹಾಕಿದರೆ ಆ ದಾರಿ ಬಂದ್, ಬೆಳಕಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಲ್ಲಾ ಸಾಕೆಟ್ ಸೇರಿಸಿ ನೋಡಿ. ಯುಎಸ್‌ಬಿ ಸಾಕೆಟ್ ಸಡಿಲ ಇದ್ದರೆ ಬೇಡ.

ಮುಖ್ಯ ಪ್ರಶ್ನೆ: ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಭಾರತದ ಡೀಲರ್ ಬಿಲ್ ಇದೆಯಾ, ಯಾರೋ ವಿದೇಶದಿಂದ ಬ್ಯಾಗಿನಲ್ಲಿ ತಂದದ್ದಾ? ಬಿಲ್ ಇಲ್ಲದ್ದನ್ನು ಮತ್ತೆ ಮಾರುವಾಗ ನಿಮಗೂ ಇದೇ ಕಷ್ಟ. ನಾನಾದರೆ 80,000ದ ಮೇಲೆ ಹೋಗುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್:
ಎಲ್ಲರಿಗೂ ಥ್ಯಾಂಕ್ಸ್. ಬಿಲ್ ಕೇಳಿದ್ದೇನೆ, ಹುಡುಕುತ್ತೇನೆ ಅಂದರು. ಫೇಡರ್ ಸಾರ್, ಮಟ್ಟ ಸಮ ಮಾಡುವುದು ಹೇಗೆ? ನನ್ನ ಹತ್ತಿರ ಎಸ್‌ಪಿ ರೋಡಿನ ಅಗ್ಗದ ಮಲ್ಟಿಮೀಟರ್ ಇದೆ, ಸಾಕಾ?

ಮಲ್ಲೇಶ್ವರಂ ಫೇಡರ್:
ಧಾರಾಳ ಸಾಕು. ಆದರೆ 1000 ಹರ್ಟ್ಸ್ ಟೋನ್ ಹಾಕಬೇಡಿ, ಅಗ್ಗದ ಮೀಟರ್‌ಗಳು ಅಲ್ಲಿ ಸುಳ್ಳು ಹೇಳಬಹುದು. 100 ಹರ್ಟ್ಸ್ ಸೈನ್ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು ಆಂಪ್‌ನ ಔಟ್‌ಪುಟ್‌ನಲ್ಲಿ ಅಳೆಯಿರಿ. ಆಗ ಹೆಡ್‌ಫೋನ್ ಕಿವಿಯಲ್ಲಿರಬಾರದು. ಆಂಪ್ ವಾಲ್ಯೂಮ್ ಮುಟ್ಟಬೇಡಿ, ಜಾಸ್ತಿ ಬರುವ ಡ್ಯಾಕನ್ನು ಅದರ ವಾಲ್ಯೂಮ್‌ನಲ್ಲೇ ಇಳಿಸಿ. ಒಂದು 1.00 ತೋರಿಸಿದರೆ ಇನ್ನೊಂದು 0.99ರಿಂದ 1.01ರ ಒಳಗೆ ಇರಲಿ. ಬದಲಾಯಿಸುವುದಕ್ಕೆ ಮಾರುವವರನ್ನು ಕೂರಿಸಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ.