ಹ್ಯಾವಲೀನಾ ಬಿಲ್ಲುಬೇಟೆ: ನಾಲ್ಕು ದಿನ, ಸೊನ್ನೆ. ಅನುಭವ ಇರುವವರು ಹೇಳಿ

ಟೆಂಪೆ ಹುಡುಗ:
ಜನವರಿ ಬಿಲ್ಲು ಸೀಸನ್ನಿನಲ್ಲಿ, ನೋಡಲು ಹಂದಿಯ ಹಾಗಿರುವ ಹ್ಯಾವಲೀನಾ ಹುಡುಕಿ ನಾಲ್ಕು ದಿನ ಅರಿಜೋನಾದ ಅರಿವಾಕಾ ಸುತ್ತ, ಯೂನಿಟ್ 36ಬಿ ಅನ್ನುವ ಬೇಟೆ ವಲಯದಲ್ಲಿ ಅಲೆದೆ. ಕಚ್ಚಿ ಹರಿದ ಪಾಪಾಸುಕಳ್ಳಿ, ಹಿಕ್ಕೆ, ಕೆದರಿದ ನೆಲ ಎಲ್ಲ ಸಿಕ್ಕಿತು. ಹಿಂಡು ಕಂಡದ್ದು ಒಂದೇ ಸಲ, ಅರುವತ್ತು ಗಜದಲ್ಲಿ. ಅಷ್ಟರಲ್ಲಿ ಬೆನ್ನಿಗೆ ಗಾಳಿ ತಾಗಿತು. ವೂಫ್ ಅಂದವು, ದಿಕ್ಕಾಪಾಲಾದವು. ಬಾಣ ಬತ್ತಳಿಕೆ ಬಿಟ್ಟು ಬರಲೇ ಇಲ್ಲ. ಮುಂದಿನ ವರ್ಷ ಅದೇ ಯೂನಿಟ್ಟಿಗೆ ಅರ್ಜಿ ಹಾಕಲಾ, ಮನೆಗೆ ಹತ್ತಿರದ 24ಬಿ ನೋಡಲಾ? ಶನಿವಾರ, ಭಾನುವಾರ ಮಾತ್ರ ಬಿಡುವು. ಬಿಲ್ಲು 45 ಪೌಂಡಿನದು.

ಚೊಯಾ ಚುಚ್ಚಿದವನು:
ನಾಲ್ಕು ದಿನವಾ? ನನ್ನದು ಕೇಳಿ. ಟೆಕ್ಸಸ್‌ನಿಂದ ಬಂದು ಆರು ತಿಂಗಳು ತುಂಬಲು ಹನ್ನೊಂದು ದಿನ ಬಾಕಿ ಇತ್ತು, ತುಂಬಿದರೆ ಮಾತ್ರ ಇಲ್ಲಿನವರ ದರ. ಅರ್ಜಿಯ ಗಡುವು ಕಾಯುತ್ತದಾ? ಹೊರರಾಜ್ಯದವನ ಲೆಕ್ಕದಲ್ಲಿ ಲೈಸೆನ್ಸಿಗೆ 160 ಡಾಲರ್, ಟ್ಯಾಗಿಗೆ, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿಗೆ, ಅರ್ಜಿ ಶುಲ್ಕ ಸೇರಿ 115. ಹನ್ನೊಂದು ದಿನ ತಡೆದಿದ್ದರೆ ಎರಡೂ ಸೇರಿ 75ರಲ್ಲಿ ಮುಗಿಯುತ್ತಿತ್ತು. ಆ 200 ಡಾಲರ್ ಇವತ್ತಿಗೂ ಎದೆಯಲ್ಲಿ ಕೂತಿದೆ.

ಹೋದದ್ದು 37ಬಿಗೆ. ಮೊದಲ ದಿನವೇ ಜಾರು ಜಲ್ಲಿಯಲ್ಲಿ ಕಾಲು ತಪ್ಪಿ ಚೊಯಾ ಕಳ್ಳಿಯ ಮೇಲೆ ಕೂತೆ. ಹೌದು, ಕೂತೆ. ಉಂಡೆಗಟ್ಟಲೆ ಮುಳ್ಳು. ಬಾಚಣಿಗೆ ತೂರಿಸಿ ಎಗರಿಸಬೇಕು, ಕೈ ಹಾಕಿದರೆ ಕೈಗೂ ಹತ್ತುತ್ತದೆ. ಕೈ ಹಾಕಿದೆ. ಬಿದ್ದ ಏಟಿಗೆ ಬಿಲ್ಲಿನ ಸೈಟು ಸೊಟ್ಟಗಾಯಿತು, ಹೊಸದಕ್ಕೆ 140. ಮೂರನೇ ದಿನ ಒಣಹಳ್ಳದಲ್ಲಿ ಎರಡು ಟೈರು ಹರಿದವು, ಸ್ಟೆಪ್ನಿ ಒಂದೇ. ಎಳೆದು ತಂದವನು 380 ಕಿತ್ತುಕೊಂಡ. ಹ್ಯಾವಲೀನಾ? ವಾಪಸು ಬರುವಾಗ ಪೆಟ್ರೋಲ್ ಬಂಕಿನ ಹಿಂದೆ, ಕಸದ ಡಬ್ಬಿಯ ಹತ್ತಿರ ಏಳು ನಿಂತಿದ್ದವು.

ಮಂಜಿನೂರು:
ನಾನು ಮೂರನೇ ವರ್ಷಕ್ಕೆ ಒಂದು ಹೊಡೆದೆ. ಇಪ್ಪತ್ತೆರಡು ಗಜ. ಮೊದಲ ಎರಡು ವರ್ಷ ನಿಮ್ಮ ಹಾಗೇ ಗಾಳಿಗೆ ಬಲಿ. ನಾವು ಕೊಡಗಿನವರು, ಹಂದಿ ಅಂದರೆ ರಕ್ತದಲ್ಲೇ ಇದೆ ಅಂತ ಜಂಬ ಇತ್ತು. ಅಜ್ಜನ ಕಾಲದ ಬೇಟೆಯ ಕಥೆ ಕೇಳಿ ಬೆಳೆದವನು, ಬಿಲ್ಲು ಹಿಡಿದದ್ದು ಮಾತ್ರ ಚಾಂಡ್ಲರ್‌ಗೆ ಬಂದ ಮೇಲೆ.

ಅಮ್ಮ ಕಳಿಸಿದ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಇತ್ತು. ಪಂದಿ ಕರಿ ಮಾಡಿದೆ. ಇಡೀ ಮನೆ ನಾರಿತು. ಬೆನ್ನಿನ ಮೇಲೆ, ಬಾಲದ ಹತ್ತಿರ ವಾಸನೆ ಗ್ರಂಥಿ ಇರುತ್ತದಲ್ಲ, ಚರ್ಮದ ಜೊತೆಗೇ ಬರುತ್ತದೆ. ನಾನು ಜಾಣತನ ಮಾಡಿ ಅದನ್ನೇ ಮೊದಲು ಕೊಯ್ದೆ, ಅದೇ ಚಾಕುವಿನಲ್ಲಿ ಮಾಂಸವನ್ನೂ ಕೊಯ್ದೆ. ಹೆಂಡತಿ ಪಾತ್ರೆಯನ್ನೇ ಆಚೆ ಇಟ್ಟಳು. ಒಳ್ಳೆಯ ಹಂದಿ ಹಾಳಾಯಿತು.

ಮೂರು ಬೆರಳು:
ಅದು ಹಂದಿ ಅಲ್ಲ. ಎಷ್ಟು ಸಲ ಹೇಳಬೇಕು? ಪೆಕ್ಕರಿ. ಬೇರೆ ಕುಟುಂಬ, ಅಮೆರಿಕ ಖಂಡಗಳದ್ದೇ ಪ್ರಾಣಿ. ಹಂದಿ ಇಲ್ಲಿಗೆ ಬಂದದ್ದು ಯುರೋಪಿನವರ ಹಡಗಿನಲ್ಲಿ. ಹಿಂಗಾಲು ನೋಡಿ, ಮೂರೇ ಬೆರಳು. ಕೋರೆ ಹಂದಿಯ ಹಾಗೆ ಸುತ್ತಿಕೊಂಡು ಹೊರಗೆ ಬರುವುದಿಲ್ಲ, ನೇರ ಮೇಲೆ ಕೆಳಗೆ. ಹಂದಿ ಅಂದುಕೊಂಡು ಪಂದಿ ಕರಿ ಮಾಡಿದರೆ ಹಾಗೇ ಆಗುತ್ತದೆ.

ಮಂಜಿನೂರು:
ಬೆರಳು ಎಣಿಸಿದ್ದೀರಿ ಸರಿ. ಹೊಡೆದದ್ದು ಎಷ್ಟು?

ಮೂರು ಬೆರಳು:
ಅದಕ್ಕೂ ಇದಕ್ಕೂ ಏನು ಸಂಬಂಧ?

ಮಂಜಿನೂರು:
ಗೊತ್ತಾಯಿತು ಬಿಡಿ.

ಟ್ಯಾಂಕ್ ಹತ್ತಿರ ಕೂತವನು:
ಅಲೆಯುವುದೇ ತಪ್ಪು. ನಾನು ದನ ನೀರು ಕುಡಿಯುವ ಕೆರೆಕಟ್ಟೆಯ ಹತ್ತಿರ ಮರೆ ಕಟ್ಟಿ ಕೂರುತ್ತಿದ್ದೆ. ಆರು ಕ್ಯಾಮೆರಾ ಮರಗಳಿಗೆ ಕಟ್ಟಿದ್ದೆ, ಯಾವ ಹಿಂಡು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಬಾಯಿಪಾಠ. 2022ರ ಜನವರಿಯಿಂದ ಬೇಟೆಗೆ ಕ್ಯಾಮೆರಾ ಬಳಸಬಾರದು ಅಂತ ಕಾನೂನು ಬಂತು. ಒಂದೊಂದಕ್ಕೆ 130 ಕೊಟ್ಟಿದ್ದೆ. ಆರೂ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿವೆ. ಆಮೇಲೆ ಕುರುಡನ ಹಾಗೆ ಐದು ದಿನ ಕೂತೆ. ಬಂದದ್ದು ಹಸು. ರಾತ್ರಿ ಡೇರೆ ಹಾಕಿದ್ದು ನೀರಿನಿಂದ ಕಾಲು ಮೈಲಿಯೊಳಗೆ ಅಂತ ದಂಡ ಬೇರೆ.

ಬೆಳಗಿನ ಗುಡ್ಡ:
ಕಾಲು ಮೈಲಿ ನಿಯಮ ಎಲ್ಲರಿಗೂ ಗೊತ್ತು. ನೀವು ಅಲ್ಲಿ ಮಲಗಿದರೆ ಪ್ರಾಣಿ ನೀರಿಗೆ ಹೇಗೆ ಬರಬೇಕು? ಕ್ಯಾಮೆರಾ ಹೋದದ್ದೇ ಒಳ್ಳೆಯದಾಯಿತು. ಬೇಟೆ ಅಂದರೆ ಅಟೆಂಡೆನ್ಸ್ ತೆಗೆಯುವುದಾ?

ನನ್ನದು ಹೇಳುತ್ತೇನೆ. ಎರಡು ವರ್ಷ ನಡೆದು ನಡೆದು ಬೂಟು ಸವೆಸಿದೆ, ಒಂದೂ ಕಾಣಲಿಲ್ಲ. ಮೂರನೇ ವರ್ಷ ಟ್ರೈಪಾಡ್ ಕೊಂಡೆ, ಬೈನಾಕ್ಯುಲರ್ ಅದರ ಮೇಲೆ ಕೂರಿಸಿದೆ. ಚಳಿಯ ಬೆಳಿಗ್ಗೆ ಅವು ಬಿಸಿಲು ಕಾಯಿಸಲು ಪೂರ್ವ, ದಕ್ಷಿಣದ ಇಳಿಜಾರಿಗೆ ಬರುತ್ತವೆ. ಎದುರು ಗುಡ್ಡದಲ್ಲಿ ಕೂತು ಒಂದೊಂದು ಕಳ್ಳಿ ಬುಡವನ್ನೂ ನೋಡಿದೆ. ಬೂದು ಕಲ್ಲು ಅಂದುಕೊಂಡದ್ದು ಎದ್ದು ಮೈ ಕೆರೆದುಕೊಂಡಿತು! ಕಣ್ಣು ಮಂದ ಅವಕ್ಕೆ, ಮೂಗು ಅಲ್ಲ. ಹೊತ್ತು ಏರುವ ಮುಂಚೆ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಇಳಿಯುತ್ತದೆ, ನೆಲ ಕಾದ ಮೇಲೆ ಮೇಲಕ್ಕೆ ಏರುತ್ತದೆ. ನಾನು ಹೊರಟದ್ದು ಸರಿಯಾಗಿ ಅದು ತಿರುಗುವ ಹೊತ್ತಿಗೆ. ಮೂವತ್ತು ಗಜದಲ್ಲಿ ಬಿಲ್ಲು ಎಳೆದು ನಿಂತಿದ್ದೆ, ಕುತ್ತಿಗೆಯ ಬೆವರು ತಣ್ಣಗಾಯಿತು. ಹಲ್ಲು ಕಟಕಟ ಕಡಿದು ಓಡಿದವು. ಆ ತಣ್ಣಗೆ ಈಗಲೂ ನೆನಪಿದೆ. ಆದರೂ ನನ್ನ ದಾರಿಯೇ ಸರಿ.

ಟ್ಯಾಂಕ್ ಹತ್ತಿರ ಕೂತವನು:
ಅಂದರೆ ನೀವೂ ಬರಿಗೈ. ಟ್ರೈಪಾಡ್ ಎಷ್ಟಾಯಿತು?

ಬೆಳಗಿನ ಗುಡ್ಡ:
410. ಜೀವನಪೂರ್ತಿ ಬರುತ್ತದೆ.

ಟೂಸಾನ್ ಅಕ್ಕ:
ಬೆಟ್ಟದ ಬುಡದಲ್ಲಿ ನಮ್ಮ ಮನೆ. ಹ್ಯಾಲೋವೀನ್‌ಗೆ ಇಟ್ಟ ಕುಂಬಳಕಾಯಿ ಒಂದೇ ರಾತ್ರಿಗೆ ಖಾಲಿ. ಕನಕಾಂಬರದ ಕುಂಡ ಉರುಳಿಸಿ ಬೇರು ಸಮೇತ ತಿಂದವು, ಮೈಸೂರಿನಿಂದ ತಂದ ಬೀಜ ಅದು. ನೀವೆಲ್ಲ ನೂರಾರು ಡಾಲರ್ ಸುರಿದು ಹುಡುಕುತ್ತೀರಿ, ನಾನು ಪೊರಕೆ ಹಿಡಿದು ಓಡಿಸುತ್ತೇನೆ. ಅಷ್ಟಕ್ಕೂ ಪಾಪದ ಪ್ರಾಣಿ ಕೊಲ್ಲುವುದು ಯಾಕೆ? ನಮ್ಮ ಭಾರತದಲ್ಲಿ 1972ರಿಂದಲೇ ಬೇಟೆಗೆ ಕಾನೂನಿನ ತಡೆ ಇದೆ, ಅಲ್ವಾ?

ಚೊಯಾ ಚುಚ್ಚಿದವನು:
ಅಕ್ಕ, ನಿಮ್ಮ ಫ್ರಿಜ್ಜಿನ ಚಿಕನ್ ತಾನಾಗಿ ಸತ್ತಿತಾ?

ಟೂಸಾನ್ ಅಕ್ಕ:
ನಾವು ತಿನ್ನುವುದಿಲ್ಲ. ಸುಮ್ನೆ ಏನೋ ಹೇಳಬೇಡಿ.

ಮಂಜಿನೂರು:
ಅಕ್ಕ, ನಿಮ್ಮ ಮನೆ ಯಾವ ಯೂನಿಟ್ಟಿಗೆ ಬರುತ್ತದೆ? 33ಕ್ಕಾ?

ಮೂರು ಬೆರಳು:
ಮನೆಗಳಿಂದ ಕಾಲು ಮೈಲಿ ದೂರ ಅನ್ನುವ ನಿಯಮ ಬಿಲ್ಲಿಗೆ ಇದೆಯಾ, ಬಂದೂಕಿಗೆ ಮಾತ್ರವಾ ಅಂತ ಮೊದಲು ಪುಸ್ತಕ ತೆಗೆದು ನೋಡಿ. ಹಂದಿ ಅನ್ನುವವರನ್ನು ನಾನು ನಂಬುವುದಿಲ್ಲ.

ಮಂಜಿನೂರು:
ಹಂದಿ. ಹಂದಿ. ಹಂದಿ.

ಟೆಂಪೆ ಹುಡುಗ:
24ಬಿ ಬಗ್ಗೆ ಯಾರೂ ಹೇಳಲಿಲ್ಲ.

ಚೊಯಾ ಚುಚ್ಚಿದವನು:
24ಬಿಯಲ್ಲೂ ಚೊಯಾ ಇದೆ. ನಾನು ಹೇಳುವುದು ಅಷ್ಟೇ.

ಟೆಂಪೆ ಹುಡುಗ:
ಸರಿ. ಬಾಚಣಿಗೆ ಪ್ಲಾಸ್ಟಿಕ್‌ದಾ, ಸ್ಟೀಲ್‌ದಾ?

ಚೊಯಾ ಚುಚ್ಚಿದವನು:
ಸ್ಟೀಲ್. ಪ್ಲಾಸ್ಟಿಕ್‌ದು ಹಲ್ಲು ಮುರಿಯಿತು, ಎರಡು ಡಾಲರ್.